ಏರಿ ಇರುವ ಕಡಲು

ಕಡಲನ್ನು ನಾನು ಇಂದಿಗೂ ಕಂಡಿಲ್ಲ. ಆದರೂ, ಶಾಲೆಯ ಕೆಲಸವನ್ನು ಬಿಟ್ಟ ಮೇಲೆ ಕೋಲಾರದ ಚಿತ್ರಕಲಾ ತರಗತಿಗೆ ಸೇರಿದಾಗ, ಪ್ರದರ್ಶನಕ್ಕೆಂದು ನಾನು ಆರಿಸಿಕೊಂಡದ್ದು ಕಡಲನ್ನೇ. ಹಳೆಯ ಯುರೋಪಿನ ಚಿತ್ರಕಾರರ ಕಡಲತೀರಗಳನ್ನು ಗುರುಗಳು ನಮಗೆ ತೋರಿಸಿದ್ದರು: ಮಂಜು ಕವಿದ ದಿಗಂತ, ನಮಗೆ ಬೆನ್ನು ಮಾಡಿ ನಿಂತ ಒಬ್ಬಂಟಿ ಗಂಡಸು, ಕಳೆದುಹೋದ ಏನನ್ನೋ ನೀರಿನಲ್ಲಿ ಹುಡುಕುತ್ತಿರುವಂಥ ಅವನ ಮೌನ. ಅಂಥದೊಂದನ್ನು ಬರೆದು ಗೋಡೆಗೇರಿಸಬೇಕೆಂಬುದು ನನ್ನ ಹಟ.

ಅಳತೆ ಹಿಡಿದು, ಗೆರೆ ಎಳೆದು, ನೀಲಿ ನೀರನ್ನೂ ಅದರೆದುರು ಒಬ್ಬಂಟಿ ಗಂಡಸನ್ನೂ ಕ್ರಮವಾಗಿ ಬರೆದೆ. ನೋಡಿದ ಗುರುಗಳು ನಕ್ಕುಬಿಟ್ಟರು.

“ಮೇಡಂ, ಸಮುದ್ರಕ್ಕೆ ಏರಿ ಹಾಕಿಬಿಟ್ಟಿದೀರಲ್ಲ!”

ನಿಜ. ನೀರು ಮುಗಿಯುವಲ್ಲಿ ಮರಳಿರಲಿಲ್ಲ. ಕಲ್ಲು ಜೋಡಿಸಿದ ಏರಿಯಿತ್ತು. ಕೆರೆಗಳ ಸೀಮೆಯಲ್ಲಿ ಬೆಳೆದ ಕೈ, ನೀರನ್ನು ಬರೆದೊಡನೆ ಅದನ್ನು ತಡೆಯುವ ಏರಿಯನ್ನೂ ಬರೆದಿತ್ತು. ಭಾನುವಾರದೊಳಗೆ ತಿದ್ದದಿದ್ದರೆ ಈ ಚಿತ್ರಕ್ಕೆ ಪ್ರದರ್ಶನದಲ್ಲಿ ಜಾಗವಿಲ್ಲವೆಂದರು.

ಮನೆಗೆ ಬಂದು ಏರಿಯನ್ನು ಅಳಿಸಲು ಕೂತೆ. ಅಮ್ಮ ಹಿಂದೆ ಬಂದು ನಿಂತಳು. ಅವಳ ತವರು ಮುಳಬಾಗಿಲಿನ ಕಡೆಯ ಊರು, ದೇವರಾಯಸಮುದ್ರ.

“ಏರಿ ಚೆನ್ನಾಗಿದೆ. ತೂಬೆಲ್ಲೇ? ನೀರು ಗದ್ದೆಗೆ ಹೆಂಗೆ ಬಿಡ್ತೀಯ?”

“ಅಮ್ಮಾ, ಇದು ಸಮುದ್ರ.”

“ನೀನೆಲ್ಲಿ ಕಂಡೆ ಸಮುದ್ರಾನ? ಇದು ನಮ್ಮೂರ ಕೆರೆ ಕಣೇ. ಕೆರೆ ತುಂಬಿ ಕೋಡಿ ಬಿದ್ದ ದಿನ ತೂಬಿನ ಕಲ್ಲಿನ ಮೇಲೆ ಕೂತಿದ್ದೆ. ಅಲೆ ಬಂದು ಲಂಗವೆಲ್ಲ ಒದ್ದೆ. ನಮ್ಮವ್ವ ಎಷ್ಟು ಬೈದ್ರೂ ಏಳ್ಲಿಲ್ಲ.”

ಕುಂಚವನ್ನು ಕೆಳಗಿಟ್ಟೆ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಆ ಏರಿಯ ಮೇಲೆ ಹೋಗಿ ನಿಂತೆವು. ಕೆರೆ ತುಂಬಿತ್ತು. ಗಾಳಿಗೆ ಎದ್ದ ಕೆಂಪು ನೀರು ಕಲ್ಲಿಗೆ ಬಡಿದು ಬಿಳಿಯ ನೊರೆಯಾಗುತ್ತಿತ್ತು. ಅಮ್ಮ ತೂಬಿನ ಕಂಬಗಳತ್ತ ನಡೆದು, ನನಗೆ ಬೆನ್ನು ಮಾಡಿ ನಿಂತಳು. ಹುಡುಗಿಯಾಗಿದ್ದಾಗ ತಾನು ಕೂತಿದ್ದ ಕಲ್ಲನ್ನು ಬಹಳ ಹೊತ್ತು ನೋಡುತ್ತಲೇ ಇದ್ದಳು. ಪರದೇಶದ ಆ ಗಂಡಸು ಏನನ್ನು ನೋಡುತ್ತ ನಿಂತಿದ್ದನೆಂಬುದು ನನಗೆ ತಿಳಿದದ್ದು ಆಗಲೇ.

ಏರಿಯನ್ನು ಅಳಿಸಲಿಲ್ಲ, ನೀಲಿಯನ್ನು ಅಳಿಸಿದೆ. ಒಬ್ಬಂಟಿ ಗಂಡಸಿದ್ದ ಜಾಗದಲ್ಲಿ ತೂಬನ್ನು ನಿಲ್ಲಿಸಿ, ಅದರ ಕಲ್ಲಿನ ಮೇಲೆ ಲಂಗ ತೊಟ್ಟ ಹುಡುಗಿಯೊಬ್ಬಳನ್ನು ಕೂರಿಸಿದೆ.

ಭಾನುವಾರ ಗುರುಗಳು ಚಿತ್ರದ ಮುಂದೆ ನಿಂತರು. ಈ ಸಲ ನಗಲಿಲ್ಲ. “ಬಾಗಿಲಿಗೆ ಎದುರಾಗಿ ಇದನ್ನೇ ಹಾಕೋಣ” ಎಂದರು.

ಪ್ರದರ್ಶನದ ದಿನ ಜನ ಒಳಗೆ ಬಂದವರೇ ಅಲ್ಲಿ ನಿಲ್ಲುತ್ತಿದ್ದರು. ಮುಳಬಾಗಿಲಿನ ಕಡೆಯವರಂತೂ ಏರಿಯನ್ನು ಗುರುತು ಹಿಡಿದು, ತಮ್ಮ ತಮ್ಮ ಕೆರೆಯ ಕಥೆಗಳನ್ನು ಶುರುಮಾಡಿದರು. ಅವರ ನಡುವೆ ರೇಷ್ಮೆ ಸೀರೆಯುಟ್ಟು, ಕುರ್ಚಿ ಹಾಕಿಸಿಕೊಂಡು ಕೂತ ಅಮ್ಮ ಎಲ್ಲರಿಗೂ ಹೇಳುತ್ತಿದ್ದಳು:

“ಆ ಹುಡುಗಿ ನಾನೇ. ಲಂಗ ಹಸಿರಿತ್ತು, ಇವಳು ಕೆಂಪು ಬಳಿದವಳೆ. ಮಿಕ್ಕಿದ್ದೆಲ್ಲ ಸರಿಯಾಗೈತೆ.”