ಟವೆಲ್ಲಿನ ಕೆಳಗಿನ ಸಂಬಳ

ಬಿ.ಕಾಂ. ಮುಗಿಸಿದ ಮೇಲೆ ಏಳು ತಿಂಗಳು ಜವನಗೊಂಡನಹಳ್ಳಿಯ ನಮ್ಮ ಮನೆ ಜಗುಲಿಯ ಮೇಲೆ ಕೂತು ಫೋನಿನಲ್ಲಿ ಕೆಲಸ ಹುಡುಕಿದೆ. ಅಷ್ಟು ಶ್ರದ್ಧೆಯಿಂದ ನಮ್ಮೂರ ಪೂಜಾರಿ ಪೂಜೆ ಮಾಡಿದ್ದನ್ನೂ ನಾನು ಕಂಡಿಲ್ಲ. ವಿಡಿಯೋದಲ್ಲಿ ಕನ್ನಡಕದ ಹುಡುಗನೊಬ್ಬ ಹೇಳಿದ್ದನ್ನೆಲ್ಲ ಪಾಲಿಸಿದೆ. ರೆಸ್ಯೂಮೆ ಒಂದೇ ಪುಟ ಇರಲಿ ಎಂದ, ಮಾಡಿದೆ. ಒಂದೊಂದು ಕೆಲಸಕ್ಕೂ ತಕ್ಕಂತೆ ತಿದ್ದಿ ಕಳಿಸಿ ಎಂದ, ತಿದ್ದಿದೆ. ಹವ್ಯಾಸದ ಮುಂದೆ ಟಿ.ವಿ. ನೋಡುವುದು ಎಂದು ಬರೆಯಬೇಡಿ ಎಂದ, ಅಳಿಸಿದೆ. ಆ ಜಾಗ ಕೊನೆಯವರೆಗೂ ಖಾಲಿಯೇ ಉಳಿಯಿತು. ಕೆಲಸದ ವೆಬ್‌ಸೈಟು ನನ್ನ ಪ್ರೊಫೈಲಿಗೆ ನೂರಕ್ಕೆ ನೂರು ಕೊಟ್ಟು ಹಸಿರು ಬಣ್ಣ ಬಳಿಯಿತು. ಡಿಗ್ರಿಯಲ್ಲಿ ಯಾವತ್ತೂ ಅಷ್ಟು ಬಂದಿರಲಿಲ್ಲ.

ಆದರೂ ಒಬ್ಬರೂ ಫೋನ್ ಮಾಡಲಿಲ್ಲ. ಬಾಯಲ್ಲಿ ಕಂಪನಿಗಳನ್ನು ಬೈಯುತ್ತಿದ್ದೆ. ಒಳಗೊಳಗೆ ನಾನೇ ದಂಡಪಿಂಡ ಎಂದು ನಂಬತೊಡಗಿದ್ದೆ.

ಒಂದು ಬೆಳಿಗ್ಗೆ ಚಿತ್ರದುರ್ಗದ ಕಚೇರಿಯೊಂದರಿಂದ ಮೇಲ್ ಬಂತು. ಫೋನಿನಲ್ಲಿ ಮಾತಾಡಿದಂತೆ ನಿಮಗೆ ಆಸಕ್ತಿ ಇಲ್ಲದ್ದರಿಂದ ನಿಮ್ಮ ಅರ್ಜಿಯನ್ನು ಕೈಬಿಟ್ಟಿದ್ದೇವೆ ಎಂದಿತ್ತು. ಯಾವ ಫೋನು? ಯಾರ ಆಸಕ್ತಿ? ಪ್ರೊಫೈಲ್ ತೆರೆದು ನೋಡಿದೆ. ರೆಸ್ಯೂಮೆಯಲ್ಲಿ ನನ್ನ ನಂಬರೇ ಇತ್ತು. ಆದರೆ ಖಾತೆ ತೆರೆಸಿದ್ದು ಹಿರಿಯೂರಿನ ಸೈಬರ್ ಅಂಗಡಿಯಲ್ಲಿ. ಅಲ್ಲಿ, ರೇಷನ್ ಕಾರ್ಡಿಗೆ ಕೊಟ್ಟ ಹಾಗೆ ರೂಢಿಯ ಮೇಲೆ ಅಪ್ಪನ ನಂಬರು ಕೊಟ್ಟುಬಿಟ್ಟಿದ್ದೆ. ಕಂಪನಿಯವರಿಗೆ ಕಾಣುತ್ತಿದ್ದುದು ಅದು. ಅಪ್ಪ ಕುರಿ ಕಾಯುವವನು. ಅವನ ಕೀಪ್ಯಾಡ್ ಫೋನು ಬೆಳಿಗ್ಗೆ ಕುರಿಗಳ ಜೊತೆ ಹೊರಟರೆ ಸಂಜೆ ಕುರಿಗಳ ಜೊತೆಯೇ ಮನೆಗೆ ಬರುತ್ತಿತ್ತು.

ಬೇವಿನ ಮರದ ಕೆಳಗೆ ಕೂತಿದ್ದವನ ಮುಂದೆ ಹೋಗಿ ನಿಂತೆ.

"ಅಪ್ಪಾ, ಕೆಲ್ಸದವ್ರು ಯಾರಾದ್ರೂ ಫೋನ್ ಮಾಡಿದ್ರಾ?"

"ಮಾಡ್ತಾನೇ ಅವ್ರೆ. ಏಳೆಂಟು ಜನ ಆದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಯಾಪಾರ ಕುದುರ್ಲಿ, ಆಮೇಲೆ ಹೇಳಾಣ ಅಂತಿದ್ದೆ ಕಣವ್ವ. ಎಷ್ಟು ಸಂಬ್ಳ ಬೇಕು ಅಂತಾರೆ. ನೀವೇ ಹೇಳ್ರಿ ಅಂತೀನಿ. ಹೇಳ್ತಾರೆ. ಬ್ಯಾಡ ಅಂತೀನಿ. ಮದ್ಲನೇ ರೇಟಿಗೆ ಯಾವನಾದ್ರೂ ಒಪ್ಕಂತಾನೇನು? ತಿರುಗಿ ಬರ್ತಾರೆ ಬಿಡು."

ಕುರಿ ಸಂತೆಯಲ್ಲಿ ಹಾಗೇ. ಮೊದಲ ಬೆಲೆಗೆ ತಲೆ ಅಲ್ಲಾಡಿಸಿ ಬೇರೆ ಕಡೆ ನೋಡುತ್ತ ನಿಂತರೆ, ಕೊಳ್ಳುವವನು ನಾಲ್ಕು ಹೆಜ್ಜೆ ಹೋಗಿ ವಾಪಸ್ ಬರುತ್ತಾನೆ. ಆಮೇಲೆ ಇಬ್ಬರ ಕೈ ಮೇಲೂ ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಾರೆ. ಒಂದು ಬೆರಳಿಗೆ ಒಂದು ಸಾವಿರ. ನನ್ನ ಕಂಪನಿಗಳು ನಾಲ್ಕು ಹೆಜ್ಜೆ ಹೋದವು, ಹಾಗೇ ಹೋದವು. ನಾನು ಅಲ್ಲೇ ಮಣ್ಣಿನಲ್ಲಿ ಕೂತು ಅತ್ತೆ, ಬಾಯಿಗೆ ಬಂದಂತೆ ಬೈದೆ. ಟಗರೊಂದು ನಮ್ಮಿಬ್ಬರನ್ನೂ ನೋಡುತ್ತ ಮೆಲುಕು ಹಾಕುತ್ತಿತ್ತು.

ಅವತ್ತೇ ನಂಬರು ಬದಲಾಯಿಸಿದೆ. ಮೂರನೇ ವಾರ, ಅಪ್ಪನಿಗೆ ಬುತ್ತಿ ಕೊಡಲು ಹೊಲಕ್ಕೆ ಹೋಗಿದ್ದಾಗ ಫೋನು ಬಂತು. ಹೊಳಲ್ಕೆರೆಯಲ್ಲಿ ಪಶು ಆಹಾರ ಮಾರುವವರ ಕಚೇರಿಯ ಹೆಂಗಸು. ಬಿಲ್ ಮಾಡುವ ಕೆಲಸ. ಅಪ್ಪ ಕೈ ತೊಳೆದು ಬಂದು ಪಕ್ಕದಲ್ಲಿ ಕೂತ, ಸ್ಪೀಕರ್ ಹಾಕು ಎಂದು ಸನ್ನೆ ಮಾಡಿದ.

"ಹನ್ನೆರಡು ಸಾವಿರ ಕೊಡ್ತೀವಿ. ಆಗುತ್ತಾ?" ಎಂದಳು ಆಕೆ.

ಹತ್ತು ಅಂದಿದ್ದರೂ ಆಗುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹಾಕಿ, ಕೆಳಗಿಂದ ಬೆರಳು ಹಿಡಿದ. ಮೂರು.

"ಹದಿನೈದು, ಮೇಡಂ," ಎಂದೆ. ದನಿ ಮೇಕೆಮರಿಯ ಹಾಗೆ ಹೊರಟಿತು.

"ಓನರ್‌ನ ಕೇಳಿ ಹೇಳ್ತೀನಿ," ಎಂದವಳೇ ಫೋನ್ ಇಟ್ಟಳು.

"ಕಳೆದೆಯಲ್ಲ ಅಪ್ಪಾ! ಇದನ್ನೂ ಕಳೆದೆ!"

"ಬರ್ತಾರೆ ಬಿಡು," ಎಂದು ಎಲೆಯಡಿಕೆಯ ಚೀಲ ಬಿಚ್ಚಿದ. ನನಗೆ ಅವನ ಕುರಿಗಳನ್ನೆಲ್ಲ ಓಡಿಸಿಬಿಡುವಷ್ಟು ಸಿಟ್ಟು ಬಂದಿತ್ತು.

ಹತ್ತು ನಿಮಿಷ ಆಗಿರಲಿಲ್ಲ, ಅದೇ ನಂಬರು. "ಹದಿನಾಲ್ಕಕ್ಕೆ ಒಪ್ಪಿದ್ದಾರೆ. ಸೋಮವಾರದಿಂದ ಬನ್ನಿ. ದಿನಾ ಓಡಾಡೋಕೆ ನಿಮ್ಮೂರು ದೂರ ಆಗುತ್ತೆ, ಇಲ್ಲೇ ಒಂದು ರೂಮ್ ನೋಡ್ಕೊಳ್ಳಿ."

ಟವೆಲ್ಲಿನ ಕೆಳಗೆ ಅಪ್ಪನ ಕೈ ಮತ್ತೆ ಬಂತು. ಈ ಸಲ ಐದೂ ಬೆರಳು ಹಿಡಿದಿದ್ದ. ಇನ್ನೂ ಐದು ಸಾವಿರವಾ ಎಂದು ಗಾಬರಿಯಿಂದ ಅವನ ಮುಖ ನೋಡಿದೆ. ಅವನು ಫೋನಿನ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನು ನೋಡುತ್ತಿದ್ದ.

"ಆಯ್ತು ಮೇಡಂ, ಬರ್ತೀನಿ," ಎಂದೆ.

"ಲೇ, ಒಂದು ಕುರೀನೂ ಇಷ್ಟು ಬ್ಯಾಗ ಬಿಟ್ಟುಕೊಟ್ಟಿಲ್ಲ ಕಣೆ ನಾನು," ಎಂದ ಅಪ್ಪ.

ಬೆಲೆ ಕುದುರಿದ ಮೇಲೆ ಕೈ ಬಿಡುವುದು ಸಂತೆಯ ರೂಢಿ. ಅಷ್ಟರಲ್ಲಿ ಕುರಿಗಳು ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿದವು. ಅಪ್ಪ ಕೈ ಬಿಡಲೂ ಇಲ್ಲ, ಏಳಲೂ ಇಲ್ಲ.