ಗಂಟು ಹಾಕಿದವರಿಗೆ ತಲೆ

ಆ ದಿನ ಗಾಳದ ಕೋಲು ಯಾರ ಕೈಯಲ್ಲಿತ್ತು ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ಅಕ್ಕನ ಕೈಯಲ್ಲಿತ್ತು ಎನ್ನುತ್ತದೆ ನನ್ನ ನೆನಪು. ಆದರೆ ನಾನು ಮನಶ್ಶಾಸ್ತ್ರ ಓದಿದವನು, ಈಗ ಶಿವಮೊಗ್ಗದ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುವವನು. ನೆನಪನ್ನು ಹೊರತೆಗೆದಾಗಲೆಲ್ಲ ನಾವು ಎಲ್ಲೋ ಒಂದು ಹೊಸ ಹೊಲಿಗೆ ಹಾಕಿಯೇ ಒಳಗಿಡುತ್ತೇವೆ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುತ್ತೇನೆ. ಹೇಳುವುದು ಸುಲಭ. ನನ್ನದೇ ನೆನಪಿನ ಹೊಲಿಗೆ ಹುಡುಕಲು ಕೂತಾಗ ಮೈಯೆಲ್ಲ ಉರಿಯುತ್ತದೆ.

ಮಾವನಿಗೆ ಅಂಥ ತೊಂದರೆ ಯಾವುದೂ ಇಲ್ಲ. ಮಾವ ಎಂದರೆ ಅಮ್ಮನ ತಮ್ಮ. ಹನ್ನೆರಡು ವರ್ಷದಿಂದ ಅವರು ಒಂದೇ ಕಥೆ ಹೇಳುತ್ತಿದ್ದಾರೆ. ಭದ್ರಾವತಿಯ ಕೆಳಗೆ ಭದ್ರಾ ಹೊಳೆಯ ಮಡುವಿನಲ್ಲಿ ಅವರೊಬ್ಬರೇ ಮುಕ್ಕಾಲು ಗಂಟೆ ಮೀನಿನ ಜೊತೆ ಸೆಣಸಿದರು. ಅವರ ಭಾವ, ಅಂದರೆ ನಮ್ಮ ಅಪ್ಪ, ಕಟ್ಟಿದ ಗಾಳಗಳೆಲ್ಲ ಬಿಚ್ಚಿಹೋದವು, ಅವರು ಕಟ್ಟಿದ ಗಾಳ ನಿಂತಿತು. ಅಳಿಯ, ಅಂದರೆ ನಾನು, ಹೆದರಿ ನೀರಿಗೆ ಬಿದ್ದೆ. ಮೀನು ಮೊದಲ ವರ್ಷ ಒಂಬತ್ತು ಕೆಜಿ ಇತ್ತು. ಕಳೆದ ಸಲ ಕೇಳಿದಾಗ ಹದಿನಾರಾಗಿತ್ತು. ಸತ್ತು, ಸಾರಾಗಿ, ಜೀರ್ಣವಾದ ಮೇಲೂ ಬೆಳೆಯುವ ಮೀನು ಅದೊಂದೇ ಇರಬೇಕು.

ತೂಕದ ಸುಳ್ಳು ನನಗೆ ಲೆಕ್ಕಕ್ಕಿಲ್ಲ. ಮೀನು ಹಿಡಿಯುವವರೆಲ್ಲ ಹೇಳುವ ಸುಳ್ಳು ಅದು. ನಾನು ನೀರಿಗೆ ಬಿದ್ದದ್ದಂತೂ ನಿಜ, ಹೆದರಿ ಬಿದ್ದೆನೋ ಪಾಚಿಯ ಮೇಲೆ ಜಾರಿ ಬಿದ್ದೆನೋ ಗೊತ್ತಿಲ್ಲ. ನನಗೆ ತಡೆಯಲಾಗದ್ದು ಗಂಟಿನ ಮಾತು. ಅದಕ್ಕೆ ಕಾರಣ ಅಜ್ಜ.

ಅಜ್ಜ, ಎಂದರೆ ಅಮ್ಮನ ಅಪ್ಪ, ಕುಂಸಿ ಕಡೆಯವರು. ಜೋಳ, ಭತ್ತದ ನಡುವೆ ಬಿಡುವಾದಾಗ ಕೆರೆಗೋ ಹಳ್ಳಕ್ಕೋ ಗಾಳ ಹಿಡಿದು ಹೊರಡುತ್ತಿದ್ದವರು. ಅವರ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಮೀನು ಎಳೆದವರದಲ್ಲ, ಗಾಳಕ್ಕೆ ಗಂಟು ಹಾಕಿದವರದು. ಎಳೆಯುವುದನ್ನು ಎತ್ತೂ ಎಳೆಯುತ್ತದೆ ಎನ್ನುತ್ತಿದ್ದರಂತೆ. ಸಾರು ಬಡಿಸುವಾಗ ಮೀನಿನ ತಲೆ ಗಂಟು ಹಾಕಿದವರ ತಟ್ಟೆಗೆ ಹೋಗಬೇಕು. ಅದರಲ್ಲಿ ದೊಡ್ಡವರು, ಸಣ್ಣವರು ಎಂಬ ಭೇದವಿಲ್ಲ. ಹಾಗಾಗಿ ನಮ್ಮಲ್ಲಿ ‘ನಾನು ಮೀನು ಹಿಡಿದೆ’ ಎಂದು ಯಾರೂ ಹೇಳುವುದಿಲ್ಲ. ‘ನನ್ನ ಗಂಟು’ ಎನ್ನುತ್ತಾರೆ. ಮಾವನೂ ಕಥೆಯನ್ನು ಹಾಗೆಯೇ ಮುಗಿಸುತ್ತಾರೆ.

ಈಗ ನನಗೆ ನೆನಪಿರುವಷ್ಟು ಹೇಳುತ್ತೇನೆ.

ಬೇಸಿಗೆ. ಹೊಳೆ ಇಳಿದು ಬಂಡೆಗಳು ಎದ್ದಿದ್ದವು. ನಾನು ಆಗ ಎಂ.ಎ. ಓದುತ್ತಿದ್ದೆ, ರಜೆಗೆ ಭದ್ರಾವತಿಯ ಮನೆಗೆ ಬಂದಿದ್ದೆ. ಅಪ್ಪ ಕಾರ್ಖಾನೆಯ ಲೇತ್ ಕೆಲಸದಿಂದ ನಿವೃತ್ತರಾಗಿ ಒಂದು ವರ್ಷವಾಗಿತ್ತು. ಅಕ್ಕನ ಮದುವೆಗೆ ಇನ್ನೆರಡು ತಿಂಗಳಿತ್ತು. ಮಾವ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ನಾಲ್ವರೂ ಹೊಳೆಗೆ ಹೋದೆವು. ಎರೆಗೆ ಬೇಕಾದ ರಾಗಿ ಮುದ್ದೆಯನ್ನು ಅಕ್ಕನೇ ಬೇಯಿಸಿದ್ದಳು. ಚೂರು ಬೆಲ್ಲ, ಚೂರು ಇಂಗು ಹಾಕಿ, ಊಟದ ಮುದ್ದೆಗಿಂತ ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿದ್ದಳು. ಆ ಉಂಡೆಯೊಳಗೆ ಗಾಳ ಮುಚ್ಚಿಟ್ಟು ಮಡುವಿಗೆ ಬಿಟ್ಟರೆ ದೊಡ್ಡ ಮೀನು ಬರುತ್ತದೆ. ಪುಸ್ತಕದಲ್ಲಿ ಅದಕ್ಕೆ ಮಹಶೀರ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಬರೀ ದೊಡ್ಡ ಮೀನು. ಅಂಗೈಯಗಲದ ಹುರುಪೆ, ದಪ್ಪ ತುಟಿ, ತುಟಿಯ ಪಕ್ಕ ಮೀಸೆ. ಇದೇ ಮೀನಿಗೆ ಮೇಲ್ಗಡೆ ದೇವಸ್ಥಾನದ ಘಟ್ಟಗಳಲ್ಲಿ ಜನ ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ನಾವು ಮಸಾಲೆ ಅರೆದಿಟ್ಟು ಬಂದಿದ್ದೆವು.

ಅಕ್ಕ ಬಂಡೆಯ ಮೇಲೆ ಕೂತದ್ದೇ ಮಾವನಿಗೆ ಕಸಿವಿಸಿ.

“ಹೆಣ್ಣುಮಕ್ಕಳು ಗಾಳದ ಹತ್ರ ಕೂತ್ರೆ ಮೀನು ಮೂಸೂ ನೋಡಲ್ಲ ಭಾವ. ಅವಳನ್ನ ಅಲ್ಲಿ ಮರದ ಕೆಳಗೆ ಕೂರ್ಸಿ.”

ಅಪ್ಪ ತಲೆ ಎತ್ತದೆ ಹೇಳಿದ್ದರು: “ಎರೆ ನಾದಿದೋಳೇ ಅವಳು ಮಾರಾಯ. ಮೀನು ಮೂಸೋದು ಅವಳ ಕೈನೇ.”

ಅಪ್ಪನ ಬಾಯಿಂದ ಬಂದ ಅತ್ಯುತ್ತಮ ಮಾತು ಅದು ಎಂದು ನಾನು ಬಹಳ ದಿನ ನಂಬಿದ್ದೆ. ಈಗ ಅದನ್ನು ನೆನೆದರೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಬಂಡೆಯ ಮೇಲೆ ಅಷ್ಟು ಹೇಳಿದವರು ಊಟದ ಹೊತ್ತಿಗೆ ಯಾಕೆ ಬಾಯಿ ಮುಚ್ಚಿದರು?

ಅಪ್ಪನ ಗಂಟು ಆ ಬೆಳಿಗ್ಗೆ ಎರಡು ಸಲ ಜಾರಿತು. ಅವರು ಕಾರ್ಖಾನೆಯಲ್ಲಿ ಹಗ್ಗಕ್ಕೆ ಹಾಕುತ್ತಿದ್ದ ಗಂಟನ್ನೇ ತಂಗೂಸಿಗೂ ಹಾಕುತ್ತಿದ್ದರು. ತಂಗೂಸಿ ಎಂದರೆ ಗಾಳದ ನೈಲಾನ್ ದಾರ. ಒದ್ದೆಯಾದರೆ ಹಾವಿನ ಹಾಗೆ ನುಣುಚಿಕೊಳ್ಳುತ್ತದೆ. ಎರಡು ಮೀನು ಗಾಳ ಸಮೇತ ಹೋದವು. ಮಾವ ನಕ್ಕರು. ಆಮೇಲೆ ಫೋನ್ ಬಂತೆಂದು ದಡದ ಮೇಲಕ್ಕೆ ಹೋದರು.

ಇಲ್ಲಿಂದ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ನನಗೆ ಕಾಣುವುದು ಇಷ್ಟು: ಅಕ್ಕ ಅಪ್ಪನ ಕೈಯಿಂದ ಗಾಳ ಇಸಿದುಕೊಳ್ಳುತ್ತಾಳೆ. ತಂಗೂಸಿಯನ್ನು ಎಡಗಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಮಾಡುತ್ತಾಳೆ. ಬೆರಳುಗಳು ಗಾಳದ ಕಡ್ಡಿಯ ಸುತ್ತ ಒಂದು, ಎರಡು, ಮೂರು ಸಲ ಓಡುತ್ತವೆ. ಉಳಿದ ತುದಿಯನ್ನು ಹಲ್ಲಿನಿಂದ ಕಡಿದು ಉಗಿಯುತ್ತಾಳೆ. ಆಮೇಲೆ ಮಡು. ಆಮೇಲೆ ರೀಲು ಕಿರುಚಿದ್ದು. ಅಕ್ಕ ಎದ್ದು ನಿಂತು ಕೋಲನ್ನು ಹೊಟ್ಟೆಗೆ ಆನಿಸಿ ಹಿಂದಕ್ಕೆ ವಾಲಿದ್ದು. ನಾನು ಅವಳ ಹತ್ತಿರ ಓಡಿ ಜಾರಿ ಬಿದ್ದದ್ದು. ಮೂಗಿನೊಳಗೆ ನೀರು. ಮೇಲೆದ್ದಾಗ ಕೋಲು ಮಾವನ ಕೈಯಲ್ಲಿತ್ತು, ಅಕ್ಕ ಪಕ್ಕದಲ್ಲಿ ಅಂಗೈ ಉಜ್ಜಿಕೊಳ್ಳುತ್ತ ನಿಂತಿದ್ದಳು.

ನಾನು ನೀರಿನಲ್ಲಿ ಎಷ್ಟು ಹೊತ್ತಿದ್ದೆ? ಐದು ಸೆಕೆಂಡೋ, ಐದು ನಿಮಿಷವೋ? ಅಕ್ಕ ಕೋಲು ಹಿಡಿದದ್ದನ್ನು ನಿಜವಾಗಿ ನೋಡಿದೆನೋ, ಆಮೇಲೆ ಸಿಟ್ಟಿನಲ್ಲಿ ನಾನೇ ಅವಳನ್ನು ಅಲ್ಲಿ ನಿಲ್ಲಿಸಿದೆನೋ? ಕಾಲಿನ ಹೆಬ್ಬೆರಳಿನ ಚಿತ್ರವಂತೂ ಇನ್ನೂ ಅನುಮಾನದ್ದು. ಅಕ್ಕ ದಿನಾ ಸಂಜೆ ಹಾಗೆಯೇ ಕೂತು ಹೂ ಕಟ್ಟುತ್ತಿದ್ದಳು. ಮನೆಯ ಜಗಲಿಯ ಹೂವನ್ನು ನಾನು ಹೊಳೆಯ ಬಂಡೆಗೆ ಸಾಗಿಸಿರಬಹುದು. ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬ ಇಂಥ ಸಾಕ್ಷ್ಯ ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ.

ಊಟ ಮಾತ್ರ ಸ್ಪಷ್ಟ. ಅಕ್ಕನೇ ಸಾರು ಮಾಡಿದಳು. ಬಡಿಸುವಾಗ ತಲೆಯನ್ನು ಸೌಟಿನಲ್ಲಿ ಎತ್ತಿ ಒಂದು ಗಳಿಗೆ ನಿಂತಳು. ಮಾವ ತಟ್ಟೆ ಮುಂದೆ ಮಾಡಿ “ನನ್ನ ಗಂಟು” ಎಂದರು. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಮುದ್ದೆ ಮುರಿಯುತ್ತಿದ್ದರು. ಅವಳು ನನ್ನ ಮುಖ ನೋಡಿದಳು. ನಾನು, ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಸೆಮಿನಾರು ಮಾಡಿ ಚಪ್ಪಾಳೆ ಗಿಟ್ಟಿಸಿದ್ದವನು, ನೀರು ಕುಡಿದೆ. ತಲೆ ಮಾವನ ತಟ್ಟೆಗೆ ಬಿತ್ತು. ನನಗೆ ಸಿಕ್ಕ ತುಂಡಿನ ಮುಳ್ಳು ಬಿಡಿಸಿ ತಿಂದೆ. ರುಚಿಯಾಗಿತ್ತು. ಅದಕ್ಕೂ ಸಿಟ್ಟಿದೆ.

ಅಕ್ಕ ಆಮೇಲೆ ಹೊಳೆಗೆ ಬರಲಿಲ್ಲ. ಮದುವೆಯ ಹುಡುಗಿ, ಕೈಯೆಲ್ಲ ಗೀರು ಮಾಡಿಕೊಂಡರೆ ನೋಡಿದವರು ಏನಂದಾರು ಎಂದು ಅಮ್ಮ ತಡೆದಳು. ಮದುವೆಯಾದ ಮೇಲೆ ಯಾರೂ ತಡೆಯಬೇಕಾಗಲಿಲ್ಲ, ಯಾರೂ ಕರೆಯಲಿಲ್ಲ ಅಷ್ಟೆ. ನಾವು ಗಂಡಸರು ಮೂರು ನಾಲ್ಕು ವರ್ಷ ಹೋದೆವು. ಅಂಗಡಿಯಲ್ಲಿ ಕಟ್ಟಿಸಿಕೊಂಡ ಗಾಳ ಒಯ್ದೆವು. ಅಂಥ ಮೀನು ಮತ್ತೆ ಸಿಗಲಿಲ್ಲ.

ಈ ವರ್ಷ ಮಾವ ಶಿವಮೊಗ್ಗದ ಆಲ್ಕೊಳದಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದರು. ಹಜಾರದಲ್ಲಿ ಗಾಜಿನ ಶೋಕೇಸು. ಒಳಗೆ ಬಹುಮಾನದ ಎರಡು ಕಪ್ಪು, ಮಾವ ಶಾಲು ಹೊದಿಸಿಕೊಂಡ ಫೋಟೋ, ನಡುವೆ ಪುಟ್ಟ ಮರದ ಹಲಗೆಗೆ ಮೊಳೆ ಹೊಡೆದು ನೇತುಹಾಕಿದ ಆ ದಿನದ ಗಾಳ. ಅದಕ್ಕೆ ಗೇಣುದ್ದದ ತಂಗೂಸಿ ಇನ್ನೂ ಅಂಟಿಕೊಂಡಿದೆ. ಬಂದವರಿಗೆಲ್ಲ ಮಾವ ಕಥೆ ಹೇಳುತ್ತಿದ್ದರು. ನಾನು ಹೊರಗಿನ ಪಡಸಾಲೆಯಲ್ಲಿದ್ದೆ. ಅಲ್ಲಿ ಅಕ್ಕ ಬಾಗಿಲಿಗೆಂದು ಸೇವಂತಿಗೆ ಕಟ್ಟುತ್ತ ಕೂತಿದ್ದಳು. ದಾರ ಎಡಗಾಲಿನ ಹೆಬ್ಬೆರಳಿಗೆ. ತೊಟ್ಟಿನ ಸುತ್ತ ಬೆರಳು ಒಂದು, ಎರಡು, ಎಳೆತ. ಒಳಗಿನಿಂದ ಮಾವನ ದನಿ: “ಮೀನು ಹಿಡಿಯೋದೇನು ಮಹಾ ಸಾರ್, ಗಂಟು ನಿಲ್ಬೇಕು. ನನ್ನ ಗಂಟು ಅದು.”

ಅಕ್ಕನ ಬೆರಳು ನಿಂತವು. ಮತ್ತೆ ಓಡತೊಡಗಿದವು.

ನಾನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತೆ. “ಅವತ್ತು ಗಾಳ ಕಟ್ಟಿದ್ದು ನೀನಲ್ವಾ ಅಕ್ಕ?”

“ಆ ಹಳದಿ ಹೂವು ಈಚೆ ತಳ್ಳು.”

“ನಾನು ಕೇಳಿದ್ದು...”

“ಕೇಳಿಸ್ತು. ಯಾರು ಕಟ್ಟಿದ್ರೇನೋ, ತಿಂದಾಯ್ತಲ್ಲ. ನಂಗೆ ಮೊದಲಿಂದ್ಲೂ ಮೀನಿನ ತಲೆ ಸೇರಲ್ಲ.”

ಇದು ಸುಳ್ಳು ಎಂದು ಹೇಳಲು ನನಗೆ ಯಾವ ಪದವಿಯೂ ಬೇಡ. ಚಿಕ್ಕವಳಿದ್ದಾಗ ತಲೆಗಾಗಿ ಅವಳು ನನ್ನ ಕೈ ಕಚ್ಚಿದ್ದಾಳೆ. ಹಾಗೆಂದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ನನ್ನ ಕಡೆ ನೋಡದೆ, ಬಹಳ ಮೆತ್ತಗೆ ಹೇಳಿದಳು:

“ಅವತ್ತು ನೀರು ಕುಡಿದೋನು ಇವತ್ತು ಯಾಕೆ ಬಾಯಿ ಬಿಡ್ತೀಯ? ಇಷ್ಟು ವರ್ಷ ಆದ್ಮೇಲೆ ನಿಂಗೆ ಸಿಟ್ಟು ಬಂತು ಅಂತ ನಾನು ಈ ಮನೇಲಿ ಜಗಳ ಆಡ್ಲಾ? ನಿಂಗೆ ಗೊತ್ತಿದ್ರೆ ಗೊತ್ತಿರ್ಲಿ. ಇಲ್ದಿದ್ರೆ ಬಿಡು.”

ಅವಳು ಹೌದು ಎನ್ನಲಿಲ್ಲ. ಅಲ್ಲ ಎನ್ನಲೂ ಇಲ್ಲ. ಅಪ್ಪನ ಹತ್ತಿರ ಹೋದೆ. ಅಪ್ಪ ಕುರ್ಚಿಯಲ್ಲಿ ಹೋಳಿಗೆ ತಿನ್ನುತ್ತಿದ್ದರು. ಕೇಳಿದೆ. ಮೀನು ಚೆನ್ನಾಗಿತ್ತು ಎಂದರು. ಎರಡನೇ ಸಲ ಕೇಳಿದ್ದಕ್ಕೆ, ಗೃಹಪ್ರವೇಶದ ದಿನ ಇದೆಲ್ಲ ಯಾಕೆ ಎಂದು ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡರು. ಎರಡು ಗಂಟು ಜಾರಿದ ಅವಮಾನ ಅವರಿಗಿತ್ತು, ಅದು ನನಗೆ ಅರ್ಥವಾಗುತ್ತದೆ. ಭಾವಮೈದುನ ಗೆದ್ದ ಎನ್ನುವುದಾದರೂ ನುಂಗಬಹುದು, ಮಗಳು ಗೆದ್ದಳು ಎನ್ನುವುದನ್ನು ನುಂಗುವುದು ಹೇಗೆ? ಅರ್ಥವಾದ ಮೇಲೂ ಸಿಟ್ಟು ಇಳಿಯಲಿಲ್ಲ. ಅರ್ಥವಾದರೆ ಸಿಟ್ಟು ಇಳಿಯುತ್ತದೆ ಎಂದು ತರಗತಿಯಲ್ಲಿ ಹೇಳುವುದನ್ನು ನಿಲ್ಲಿಸಬೇಕು.

ಹೊರಡುವಾಗ ಬಾಗಿಲ ಸೇವಂತಿಗೆ ಮಾಲೆಯ ತುದಿಯಿಂದ ಒಂದು ಗೇಣು ಕಿತ್ತು ಜೇಬಿಗೆ ಹಾಕಿಕೊಂಡೆ.

ಎರಡು ದಿನ ಬಿಟ್ಟು, ಮಾವ ಕಚೇರಿಗೆ ಹೋದ ಹೊತ್ತು ನೋಡಿ ಆಲ್ಕೊಳಕ್ಕೆ ಹೋದೆ. ಅತ್ತೆ ಒಬ್ಬರೇ ಇದ್ದರು. ಶೋಕೇಸಿನ ಗಾಳ ನೋಡಬೇಕು ಎಂದೆ. ಅವರು ಯಾಕೆ ಎಂದು ಕೇಳಲಿಲ್ಲ. ಬೀಗ ತೆಗೆದು ಹಲಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಬ್ಯಾಗಿನಿಂದ ಭೂತಗನ್ನಡಿ ತೆಗೆದದ್ದು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

“ಹನ್ನೆರಡು ವರ್ಷದಿಂದ ಅದರ ಧೂಳು ಒರೆಸ್ತಿರೋಳು ನಾನು ಕಣಪ್ಪ. ಅದು ಹೂವಿನ ಗಂಟು ಅಂತ ಗೊತ್ತಾಗಕ್ಕೆ ಇಷ್ಟು ದೊಡ್ಡ ಗಾಜು ಬೇಕಾ?”

“ಗೊತ್ತಿದ್ದೂ ಸುಮ್ನಿದ್ರಾ ಅತ್ತೆ?”

“ನೀವೆಲ್ಲ ಅಲ್ಲೇ ಇದ್ದೋರು. ನಾನು ಹೊಳೆಗೂ ಬಂದಿರ್ಲಿಲ್ಲ. ನನ್ನನ್ನ ಕೇಳ್ತೀಯಲ್ಲ.”

ಭೂತಗನ್ನಡಿ ಹಿಡಿದು ನೋಡಿದೆ, ಹೂವಿನ ಗಂಟೇ. ಆದರೂ ನನ್ನ ಹಾಳು ಬುದ್ಧಿ ಸುಮ್ಮನಿರಲಿಲ್ಲ. ಹೂವಿನ ಗಂಟು ಹಾಕುವವರು ಊರ ತುಂಬ ಇದ್ದಾರೆ. ಗಾಳ ಮಾರುವ ಅಂಗಡಿಯವನ ಹೆಂಡತಿಯೂ ಕಟ್ಟಿರಬಹುದು. ಅತ್ತೆಗೆ ಒಂದು ದಾರ ಕೊಟ್ಟು, ಊದಿನಕಡ್ಡಿಗೆ ನಾಲ್ಕು ಸುತ್ತು ಹಾಕಿಕೊಡಿ ಎಂದೆ. ಹಾಕಿಕೊಟ್ಟರು. ಅದನ್ನು ಮೇಜಿನ ಮೇಲೆ ಇಟ್ಟೆ. ಅದರ ಪಕ್ಕ ಗಾಳ. ಗಾಳದ ಪಕ್ಕ ಜೇಬಿನಿಂದ ತೆಗೆದ, ಬಾಡಿ ಕಂದಿದ ಸೇವಂತಿಗೆ.

ಅತ್ತೆ ಬಲಗೈಯವರು, ಅವರ ಸುತ್ತುಗಳು ಬಲಕ್ಕೆ ವಾಲಿದ್ದವು. ಅಕ್ಕ ಎಡಚಿ, ಸೇವಂತಿಗೆಯ ತೊಟ್ಟುಗಳ ಮೇಲೆ ದಾರ ಎಡಕ್ಕೆ ವಾಲಿತ್ತು. ಮಾವನೂ ಸೇರಿ ನಮ್ಮ ಮನೆಯಲ್ಲಿ ಎಡಗೈಯವರು ಬೇರೆ ಯಾರೂ ಇಲ್ಲ. ಕೋಲು ಯಾರ ಕೈಯಲ್ಲಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಗಾಳದ ಕಡ್ಡಿಯ ಮೇಲೆ ತಂಗೂಸಿ ಮೂರು ಸುತ್ತು ಬಂದಿತ್ತು, ಮೂರೂ ಎಡಕ್ಕೆ ವಾಲಿದ್ದವು.