ಸೀತಾಯಿಯ ಎರಡು ಕೆಲಸ

ಮಗಳು ಪ್ರಾಜಕ್ತಾಳನ್ನು ಅಂಗನವಾಡಿಗೆ ಬಿಟ್ಟು ಬಂದರೂ ನನ್ನ ಮನಸ್ಸು ಮನೆಗೆ ಬರುವುದಿಲ್ಲ. ಏನಾದರೊಂದು ನೆಪ ಮಾಡಿ ಮತ್ತೆ ಹೋಗಿ ಕಿಟಕಿಯಿಂದ ಇಣುಕುತ್ತೇನೆ. ಧಾರವಾಡದಲ್ಲಿ ಓದಿ, ತೆಲಸಂಗದ ದ್ರಾಕ್ಷಿ ತೋಟದವರ ಮನೆಗೆ ಸೊಸೆಯಾಗಿ ಬಂದವಳು ನಾನು. ಇಲ್ಲಿಯ ಕೃಷಿ ಹೊಂಡಗಳನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಒಳಗೆಲ್ಲ ಪ್ಲಾಸ್ಟಿಕ್ ಹಾಸಿರುತ್ತಾರೆ. ಜಾರಿ ಬಿದ್ದರೆ ದೊಡ್ಡವರಿಗೂ ಹತ್ತಿ ಬರಲಾಗದು. ಅಂಥದೊಂದು ಅಂಗನವಾಡಿಯ ಹಿಂದೆಯೇ ಇದೆ.

"ನಿಮ್ಮಾಕಿ ಎಲ್ಲೂ ಹೋಗಿಲ್ರಿ ಅಕ್ಕಾರ. ಒಳಗ ಬಂದು ಕುಂಡ್ರರಿ, ನಿಮಗೂ ಒಂದು ಹಾಜರಿ ಹಾಕ್ತೀನಿ," ಎಂದು ಸೀತವ್ವ ಒಲೆಯ ಮುಂದಿನಿಂದಲೇ ನಗುತ್ತಿದ್ದಳು.

ಮಕ್ಕಳಿಗೆ ಅವಳು ಸೀತಾಯಿ. ಸರಕಾರಕ್ಕೆ ಅಂಗನವಾಡಿ ಸಹಾಯಕಿ. ಅಡುಗೆ ಮಾಡಬೇಕು, ಕಸ ಗುಡಿಸಬೇಕು, ಮಕ್ಕಳನ್ನು ಕರೆತರಬೇಕು, ಅಷ್ಟೆ. ಆದರೆ ಹಳೆಯ ಟೀಚರ್ ನಿವೃತ್ತರಾದ ದಿನ ಮೇಲ್ವಿಚಾರಕಿ ಮನೀಷಾ ಬಾಯಿಯವರು, "ಹೊಸಬ್ರು ಬರೂತನಾ ನೀನ ನೋಡ್ಕೊ" ಎಂದು ಹೇಳಿ ಹೋದರು. ದ್ರಾಕ್ಷಿಯ ಸುಗ್ಗಿ ಎರಡು ಬಂದು ಹೋದವು, ಹೊಸಬರು ಬರಲಿಲ್ಲ. ಹಾಡು ಕಲಿಸುವುದು, ಮಕ್ಕಳ ತೂಕ ನೋಡುವುದು, ಬಸುರಿಯರ ಮನೆಗೆ ಹೋಗುವುದು, ಮೊಬೈಲಿನಲ್ಲಿ ಎಲ್ಲ ತುಂಬುವುದು ಅವಳ ಪಾಲಿಗೆ ಬಂತು. ಅಡುಗೆಯಂತೂ ಇದ್ದೇ ಇತ್ತು. ಗೌರವಧನ ಮಾತ್ರ ಸಹಾಯಕಿಯದೇ.

"ನಿಮಗ ಚಾರ್ಜ್ ಕೊಟ್ಟಾರಂತ ಒಂದು ಆದೇಶ ಬರಸ್ಕೊಳ್ರಿ," ಎಂದು ನಾನು ಜೀವ ತಿನ್ನುತ್ತಿದ್ದೆ.

"ಬಾಯಾರು ಬಾಯಿಲೆ ಹೇಳ್ಯಾರಲ್ರಿ. ಬರದು ಕೊಡ್ರಿ ಅಂದ್ರ, ನಿಮ್ಮ ಮ್ಯಾಲ ನಂಬಿಕಿ ಇಲ್ಲಂತ ಮಾರಿಗೆ ಹೊಡದಂಗ ಆಗ್ತೈತಿ."

ಸೀತವ್ವ ಮದುವೆಯಾದ ಮೇಲೆ ಹಟ ಹಿಡಿದು ಎಸ್ಸೆಸ್ಸೆಲ್ಸಿ ಪಾಸಾದವಳು. ಈ ವರ್ಷ ಟೀಚರ್ ಹುದ್ದೆ ತುಂಬುತ್ತಾರೆಂದು ತಿಳಿದಾಗ ಅರ್ಜಿ ಹಾಕಿದಳು. ಅವಳಿಗಿದ್ದ ಆಸೆ ಅದೊಂದೇ.

ಒಣದ್ರಾಕ್ಷಿಯ ದಿನಗಳು. ಮಧ್ಯಾಹ್ನ ನಾನು ಕಿಟಕಿಗೆ ಹೋದಾಗ ಸೀತವ್ವ ಕುದಿಯುವ ಸಾರನ್ನು ಇಳಿಸುತ್ತಿದ್ದಳು. ಮಕ್ಕಳ ಸಾಲಿನಲ್ಲಿ ಪ್ರಾಜಕ್ತಾ ಇರಲಿಲ್ಲ.

ನಾನು ಹೊಂಡದ ಕಡೆ ಓಡಿದೆ. ಸೀತವ್ವ ನನ್ನನ್ನೂ ಹಿಂದೆ ಹಾಕಿ ಓಡಿದಳು. ನೀರು ಅಲುಗಾಡದೆ ನಿಂತಿತ್ತು. ಅಷ್ಟರಲ್ಲಿ ಪಕ್ಕದ ನಮ್ಮ ಒಣದ್ರಾಕ್ಷಿ ಶೆಡ್ಡಿನಿಂದ ಅತ್ತೆ ಚನ್ನವ್ವ ಕೂಗಿದರು: "ಯಾಕ ಓಡಾಕತ್ತೀರಿ? ಕೂಸು ಇಲ್ಲೈತಿ. ನೀನ ಕಳಿಸೀದಿ ಅನ್ಕೊಂಡ್ನಿ!" ಎರಡೂ ಮುಷ್ಟಿಯಲ್ಲಿ ದ್ರಾಕ್ಷಿ ಹಿಡಿದು ಮಗಳು ಅಜ್ಜಿಯ ಕಾಲ ಬಳಿ ಕುಳಿತಿದ್ದಳು.

ಸುದ್ದಿ ಮನೀಷಾ ಬಾಯಿಯವರಿಗೂ ಮುಟ್ಟಿತು. ಮರುದಿನ ಅವರು ಬಂದಾಗ ಅತ್ತೆ ಸೀತವ್ವನ ಕಿವಿಯಲ್ಲಿ ಉಸುರಿದರು: "ನಾ ಬರೇ ಅಡಗಿಯಾಕಿ ಅನ್ನು. ಟೀಚರ್ ಇಲ್ಲದ್ದಕ್ಕ ನೀ ಏನ್ ಮಾಡ್ತಿ? ಪಾರಾಗಿ ಹೋಗ್ತಿ."

ಹಾಗೆಂದರೆ ಪಾರಾಗುತ್ತಿದ್ದಳು, ನಿಜ. ಆಮೇಲೆ ಹುದ್ದೆ ಕೇಳುವಾಗ ಟೀಚರ್ ಕೆಲಸ ಮಾಡಿದ್ದೇನೆಂದು ಅವಳು ಯಾವ ಬಾಯಿಂದ ಹೇಳುವುದು? ಹೊಣೆ ತನ್ನದೆಂದರೆ ಇದ್ದ ಕೆಲಸಕ್ಕೂ ಕುತ್ತು.

"ಕೂಸು ಹೊರಗ ಹೋದಾಗ ಹೊಣಿ ಯಾರ್ದಿತ್ತು?" ಮನೀಷಾ ಬಾಯಿಯವರು ಕೇಳಿದರು.

"ನಂದ್ರಿ."

"ಹಂಗಾರ ನಿನ್ನ ಮ್ಯಾಲ ವರದಿ ಬರೀಬೇಕಾಗ್ತೈತಿ."

"ಬರೀರಿ ಬಾಯಾರ. ಟೀಚರ್ ಕೆಲಸ ನಾನ ನೋಡ್ಕೊಂತಿದ್ನಿ, ನೀವ ಹೇಳಿದ್ರಿ, ಅದನ್ನೂ ಬರೀರಿ. ಸಾರು ಇಳಸಾಕ ಬ್ಯಾರೆ ಯಾರೂ ಇರಲಿಲ್ಲ, ಅದನ್ನೂ ಬರೀರಿ. ತಪ್ಪಿಗೆ ಟೀಚರ್, ಪಗಾರಕ್ಕ ಸಹಾಯಕಿ ಅಂದ್ರ ಹೆಂಗ್ರಿ?"

ಮನೀಷಾ ಬಾಯಿಯವರ ಪೆನ್ನು ನಿಂತಿತು. "ಭಾಳ ಮಾತು ಕಲ್ತೀ ಬಿಡವಾ."

"ಈ ಅಕ್ಕಾರ ಕಿಟಕ್ಯಾಗ ನಿಂತು ಕಲಿಸ್ಯಾರ್ರಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮನೀಷಾ ಬಾಯಿಯವರು ನನ್ನತ್ತ ತಿರುಗಿದರು. "ತಾಯಿ ನೀವು. ನಿಮ್ಮ ದೂರು ಏನರ ಐತೇನು?"

"ಐತ್ರಿ," ಎಂದೆ. "ಇಬ್ಬರ ಕೆಲಸಕ್ಕ ಒಬ್ಬಾಕೀನ ಬಿಟ್ಟೀರಿ. ಅದ ನನ್ನ ದೂರು."

ಅವರು ಹಾಳೆ ತಿರುವಿ ಎಲ್ಲವನ್ನೂ ಬರೆದರು.

ಮುಂದಿನ ವಾರ ಅಡುಗೆಗೆ ಪದ್ಮವ್ವನೆಂಬವಳು ಬಂದಳು, ಅವಳೂ ತಾತ್ಕಾಲಿಕವೇ. ಸೀತವ್ವನಿಗೆ ಕಾರಣ ಕೇಳಿ ನೋಟಿಸು ಬಂತು. ಅದರಲ್ಲಿ ಅವಳ ಹೆಸರಿನ ಮುಂದೆ ಮೊದಲ ಸಲ 'ಪ್ರಭಾರ ಕಾರ್ಯಕರ್ತೆ' ಎಂದಿತ್ತು; ಸರಕಾರದ ಭಾಷೆಯಲ್ಲಿ ಟೀಚರ್ ಎಂದರೆ ಕಾರ್ಯಕರ್ತೆ. ಹುದ್ದೆ ಅವಳಿಗೆ ಸಿಗುತ್ತದೋ, ಇದೇ ನೋಟಿಸು ಅಡ್ಡ ಬರುತ್ತದೋ ಯಾರಿಗೂ ತಿಳಿಯದು. ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ನಿನ್ನೆ ಕಿಟಕಿಯಲ್ಲಿ ನಿಂತು ಅದನ್ನೇ ಹೇಳಿದೆ.

ಸೀತವ್ವ ಈಗ ಒಲೆ ಬಿಟ್ಟು ಬಾಗಿಲಿಗೆ ಅಡ್ಡ ಚಾಪೆ ಹಾಸಿ ಕುಳಿತಿರುತ್ತಾಳೆ, ಮಡಿಲಲ್ಲಿ ಪ್ರಾಜಕ್ತಾ.

"ಯಾಕ ಅಂಜ್ತೀರಿ ಅಕ್ಕಾರ," ಎಂದಳು. "ಕೆಲಸದಿಂದ ತಗದ್ರೂ ಇನ್ನ ಟೀಚರ್ ಅಂತನ ತಗೀಬೇಕಲ್ರಿ."